ಟೈಪ್ ಮಾಡೋಕೆ ಬಾರದ ಹಾಡುಗಳು

ಹತ್ತೇ ಹಾಡುಗಳ ಆಲ್ಬಮ್ ಅದು. ಒಟ್ಟು 34 ನಿಮಿಷ. ಆದರೆ ಆ ಹಾಡುಗಳ ಹೆಸರನ್ನು ಯಾರಿಗಾದರೂ ಟೈಪ್ ಮಾಡಿ ಕಳಿಸೋಣ ಅಂದ್ರೆ ಬೆರಳು ಕೀಬೋರ್ಡಿನ ಮೇಲೇ ನಿಂತುಬಿಡುತ್ತೆ. ಮೊದಲನೇ ಹಾಡಿನ ಹೆಸರಿನಲ್ಲಿ ‘ಸೂನ್’ ಅನ್ನೋ ಪದ ಇದೆ, ಅದರ ನಡುವಿನ ಎರಡು ‘ಓ’ಗಳ ಜಾಗದಲ್ಲಿ ಎರಡು ಇನ್ಫಿನಿಟಿ ಚಿಹ್ನೆಗಳು ಕೂತಿವೆ. ಎರಡನೆಯದು 10 ಅಂತ ಶುರುವಾಗಿ, ದೊಡ್ಡಕ್ಷರ ಚಿಕ್ಕಕ್ಷರಗಳ ಕಲಸುಮೇಲೋಗರವಾಗಿ, ಕೊನೆಗೆ ಎರಡು ದಾಳಗಳಲ್ಲಿ ಮುಗಿಯುತ್ತೆ. ಎರಡರಲ್ಲೂ ಐದೈದು ಚುಕ್ಕಿ. ಐದೂ ಐದೂ ಹತ್ತು. (ಇದನ್ನು ಕಂಡುಹಿಡಿದ ದಿನ ನನಗೆ ಒಂದು ವಾರದಿಂದ ಕಾಡಿದ ಬಗ್ ಸಿಕ್ಕಷ್ಟು ಖುಷಿಯಾಗಿತ್ತು.) ಮೂರನೆಯದರಲ್ಲಿ ಎರಡು ಸಿಗ್ಮಾ. ಆರನೆಯದರಲ್ಲಿ ತಲೆಕೆಳಗಾದ ಇಂಗ್ಲಿಷ್ ‘ಟಿ’. ಪೆನ್‌ಡ್ರೈವಿಗೆ ಹಾಕಿ ಗೆಳೆಯನ ಕಾರಿನ ಸ್ಟೀರಿಯೋಗೆ ಚುಚ್ಚಿದರೆ ಸ್ಕ್ರೀನಿನ ಮೇಲೆ ಬರೀ ಡಬ್ಬಿಗಳು. ಕನ್ನಡ ಫಾಂಟ್ ಇಲ್ಲದ ಕಾಲದಲ್ಲಿ ಸೈಬರ್ ಕೆಫೆಯಲ್ಲಿ ಕನ್ನಡ ಪೇಪರ್ ಓಪನ್ ಮಾಡಿದ್ದ ನಮ್ಮ ಪೀಳಿಗೆಗೆ ಆ ಡಬ್ಬಿಗಳ ಪರಿಚಯ ಚೆನ್ನಾಗೇ ಇದೆ ಬಿಡಿ.

ಆಲ್ಬಮ್ಮಿನ ಹೆಸರು ‘22, ಎ ಮಿಲಿಯನ್’. 2016ರ ಸೆಪ್ಟೆಂಬರ್ 30ರಂದು ಬಂದದ್ದು. ಬ್ಯಾಂಡಿನ ಹೆಸರು ಬೋನ್ ಈವೇರ್. ಬ್ಯಾಂಡ್ ಅಂದರೂ ನಡುವೆ ಇರೋದು ಒಬ್ಬನೇ ಮನುಷ್ಯ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಜಸ್ಟಿನ್ ವರ್ನನ್.

ಈ ಬ್ಯಾಂಡನ್ನು ನನಗೆ ಪರಿಚಯಿಸಿದ್ದು ಮೊದಲ ಕೆಲಸದಲ್ಲಿ ಪಕ್ಕದ ಕ್ಯೂಬಿಕಲ್ಲಿನಲ್ಲಿದ್ದ ಗೆಳೆಯ. ಜಯನಗರದಲ್ಲೇ ಹುಟ್ಟಿ ಬೆಳೆದವನು, ಗಿಟಾರ್ ಬಾರಿಸ್ತಾನೆ. ಕಾರಿನಲ್ಲಿ ಡಬ್ಬಿ ಡಬ್ಬಿ ಬಂದ ಆವತ್ತು ಎರಡು ಹಾಡು ಕೇಳಿ ಆಫ್ ಮಾಡಿದ. “ಕೆಡಿಸಿಬಿಟ್ಟ ಮಗಾ. ಅವನ ದನಿ ಎಲ್ಲಿ ಹೋಯ್ತು?” ಅಂದ.

ಅವನು ಹುಡುಕುತ್ತಿದ್ದ ದನಿ ಯಾವುದು ಅಂತ ಅರ್ಥ ಆಗಬೇಕಾದರೆ ಹತ್ತು ವರ್ಷ ಹಿಂದಕ್ಕೆ ಹೋಗಬೇಕು. 2006ರಲ್ಲಿ ವರ್ನನ್ ಊರು ಬಿಟ್ಟು ನಾರ್ತ್ ಕ್ಯಾರೊಲಿನಾದಲ್ಲಿದ್ದ. ಜೊತೆಗೆ ಹೋದ ಬ್ಯಾಂಡ್ ಒಡೆಯಿತು. ಪ್ರೀತಿಯೂ ಮುರಿಯಿತು. ಸಾಲದ್ದಕ್ಕೆ ಮಾನೋನ್ಯೂಕ್ಲಿಯೋಸಿಸ್ ಅನ್ನೋ ಕಾಯಿಲೆ ಹಿಡಿದು ಹಾಸಿಗೆಗೆ ಹಾಕಿತು. ಗಾಡಿಗೆ ಸಾಮಾನು ತುಂಬಿಕೊಂಡು ವಿಸ್ಕಾನ್ಸಿನ್‌ಗೆ ವಾಪಸ್ ಬಂದವನು ಅಪ್ಪನ ಬೇಟೆ ಮನೆಯೊಂದಕ್ಕೆ ಹೋಗಿ ಇಡೀ ಚಳಿಗಾಲ ಕೂತ. ಕಾಡು, ಹಿಮ, ಸೌದೆ ಒಲೆ. ಹೊರಗೆ ಬರುವಾಗ ಒಂಬತ್ತು ಹಾಡುಗಳಿದ್ದವು. ‘ಫಾರ್ ಎಮ್ಮಾ, ಫಾರೆವರ್ ಅಗೋ’ ಅಂತ ಹೆಸರಿಟ್ಟು 2007ರಲ್ಲಿ ತಾನೇ ಹೊರತಂದ, 2008ರಲ್ಲಿ ಜಾಗ್‌ಜಗುವಾರ್ ಅನ್ನೋ ಚಿಕ್ಕ ಕಂಪನಿ ಅದನ್ನು ಮತ್ತೆ ಹೊರತಂದಿತು. ಬ್ಯಾಂಡಿನ ಹೆಸರೂ ಚಳಿಗಾಲದ್ದೇ. ಫ್ರೆಂಚಿನಲ್ಲಿ ‘ಒಳ್ಳೆಯ ಚಳಿಗಾಲ’ ಅನ್ನೋದನ್ನ, ಬೇಕಂತಲೇ ಒಂದಕ್ಷರ ಬಿಟ್ಟು ಬರೆದುಕೊಂಡ.

ಕಥೆ ಚೆನ್ನಾಗಿದೆ ಅಲ್ವಾ? ಚೆನ್ನಾಗಿರೋದೇ ತೊಂದರೆ. ಆ ಆಲ್ಬಮ್ ಬಗ್ಗೆ ಬರೆದವರೆಲ್ಲ ಮೊದಲು ಬರೆದದ್ದು ಗುಡಿಸಲಿನ ಬಗ್ಗೆ, ಹಾಡುಗಳ ಬಗ್ಗೆ ಆಮೇಲೆ. ಯಂತ್ರ ಸೋಕದ ದನಿ, ಎದೆಯಿಂದ ನೇರ ಬಂದದ್ದು, ಇತ್ಯಾದಿ. ನಿಜ ಹೇಳಬೇಕಂದ್ರೆ ಆ ಕಾಡಿನ ಮನೆಯೊಳಗೆ ಒಂದು ಕಂಪ್ಯೂಟರ್ ಇತ್ತು, ಒಂದು ಮೈಕ್ ಇತ್ತು. ಆ ಹಾಡುಗಳಲ್ಲಿ ಕೇಳಿಸೋ ದನಿ ಒಂದಲ್ಲ. ಅವನೇ ಹಾಡಿದ್ದರ ಮೇಲೆ ಅವನೇ ಮತ್ತೆ ಹಾಡಿ, ಅದರ ಮೇಲೆ ಇನ್ನೊಮ್ಮೆ ಹಾಡಿ, ಪದರ ಪದರವಾಗಿ ಪೇರಿಸಿದ್ದು. ಒಬ್ಬಂಟಿ ಮನುಷ್ಯ ಕಂಪ್ಯೂಟರಿನೊಳಗೆ ಒಂದು ಭಜನಾ ಮಂಡಳಿಯನ್ನೇ ಕಟ್ಟಿಕೊಂಡಿದ್ದ. ನನ್ನ ಗೆಳೆಯನಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಆದರೂ ಅವನ ತಲೆಯಲ್ಲಿ ಹಿಮ ಬೀಳುತ್ತಲೇ ಇರುತ್ತೆ, ಕಂಪ್ಯೂಟರ್ ಮಾತ್ರ ಕಾಣಿಸಲ್ಲ.

ನನಗೆ ಇದು ಬೇಗ ಹೊಳೆದದ್ದಕ್ಕೆ ಕಾರಣ ಇದೆ. ಹನ್ನೆರಡು ವರ್ಷದಿಂದ ಆಫೀಸುಗಳಲ್ಲಿ ನನ್ನನ್ನ ಪರಿಚಯಿಸೋದೇ ‘ನಮ್ಮ ಹಳ್ಳಿ ಹುಡುಗ’ ಅಂತ. ಪ್ರೀತಿಯಿಂದಲೇ ಹೇಳ್ತಾರೆ, ತಕರಾರಿಲ್ಲ. ಟೀಮ್ ಔಟಿಂಗಲ್ಲಿ ಎಲ್ಲರೂ ಇಂಗ್ಲಿಷ್ ಹಾಡು ಹೇಳಿದ ಮೇಲೆ ನನ್ನ ಕಡೆ ತಿರುಗಿ “ನೀನೊಂದು ಜಾನಪದ ಹೇಳು” ಅಂತಾರೆ. ಊರಿಗೆ ಹೋಗಿ ಬಂದೆ ಅಂದ್ರೆ “ವಾವ್, ಎಷ್ಟು ಶಾಂತವಾಗಿರುತ್ತಲ್ಲ” ಅಂತಾರೆ. ಶಾಂತ! ಹಾಸನ ಜಿಲ್ಲೆಯ ನಮ್ಮೂರಲ್ಲಿ ಬೆಳಗ್ಗೆ ಐದಕ್ಕೆ ದೇವಸ್ಥಾನದ ಮೈಕ್ ಶುರುವಾದರೆ ರಾತ್ರಿ ಬೋರ್‌ವೆಲ್ ಲಾರಿ ನಿಲ್ಲಿಸುವವರೆಗೂ ಸದ್ದೇ. ಆದರೆ ಅವರಿಗೆ ಬೇಕಾದ ಊರು ಅದಲ್ಲ. ಅವರ ಊರಿನಲ್ಲಿ ಅಜ್ಜಿ ಬೀಸುಕಲ್ಲು ತಿರುಗಿಸ್ತಾ ಇರ್ತಾಳೆ, ಹಸು ಮೆಲುಕು ಹಾಕ್ತಾ ಇರುತ್ತೆ, ಅಷ್ಟೆ. ನಮ್ಮಜ್ಜಿ ಬೀಸುಕಲ್ಲು ಬಿಟ್ಟು ಊರ ಫ್ಲೋರ್ ಮಿಲ್ಲಿಗೆ ಹೋಗತೊಡಗಿದ್ದು ನಾನು ಹುಟ್ಟೋಕೂ ಮುಂಚೆ.

ವರ್ನನ್‌ನ ಕಡೆಗೆ ಬರೋಣ. ಗುಡಿಸಲಿನಿಂದ ಹೊರಗೆ ಬಂದ ಮೇಲೆ ಅವನು ಒಂದೇ ಕಡೆ ಕೂರಲಿಲ್ಲ. 2009ರ ‘ಬ್ಲಡ್ ಬ್ಯಾಂಕ್’ ಅನ್ನೋ ನಾಲ್ಕು ಹಾಡಿನ ಪುಟ್ಟ ರೆಕಾರ್ಡಿನಲ್ಲಿ ‘ವುಡ್ಸ್’ ಅಂತ ಒಂದು ಹಾಡಿದೆ. ವಾದ್ಯವೇ ಇಲ್ಲ, ಆಟೋಟ್ಯೂನ್‌ನಲ್ಲಿ ಅದ್ದಿ ತೆಗೆದ ದನಿ ಮಾತ್ರ. ಹೆಸರು ‘ಕಾಡು’, ದನಿ ಯಂತ್ರದ್ದು. ಅಂದರೆ 2016ರಲ್ಲಿ ಕೆಟ್ಟುಹೋದ ಅಂತ ಬೈಸಿಕೊಂಡವನು ಏಳು ವರ್ಷ ಮೊದಲೇ ಕೆಟ್ಟಿದ್ದ, ಯಾರೂ ಗಮನ ಕೊಟ್ಟಿರಲಿಲ್ಲ. ಗಮನ ಕೊಟ್ಟವನು ಕಾನ್ಯೆ ವೆಸ್ಟ್. ವರ್ನನ್‌ನನ್ನು ಹವಾಯಿಗೆ ಕರೆಸಿಕೊಂಡು 2010ರ ತನ್ನ ಆಲ್ಬಮ್ಮಿನಲ್ಲಿ ಆ ಹಾಡನ್ನೇ ಬಳಸಿಕೊಂಡ. 2011ರಲ್ಲಿ ಬೋನ್ ಈವೇರ್‌ನ ಎರಡನೇ ಆಲ್ಬಮ್ ಬಂತು, ದೊಡ್ಡ ವಾದ್ಯವೃಂದ, ಊರುಗಳ ಹೆಸರಿನ ಹಾಡುಗಳು. ಅದರ ಕೊನೆಯ ಹಾಡಿನಲ್ಲಿ ಎಂಬತ್ತರ ದಶಕದ ಮದುವೆಮನೆ ಆರ್ಕೆಸ್ಟ್ರಾದಂಥ ಕೀಬೋರ್ಡ್ ಇಟ್ಟು ಒಂದಷ್ಟು ಜನರನ್ನು ಆಗಲೇ ರೇಗಿಸಿದ್ದ. 2012ರ ಫೆಬ್ರವರಿಯಲ್ಲಿ ಎರಡು ಗ್ರ್ಯಾಮಿ, ಅದರಲ್ಲಿ ಒಂದು ‘ಅತ್ಯುತ್ತಮ ಹೊಸ ಕಲಾವಿದ’. ಮೊದಲ ಆಲ್ಬಮ್ ಬಂದು ಐದು ವರ್ಷವಾದ ಮೇಲೆ ಹೊಸಬ! ಅದೇ ರಾತ್ರಿ ಇಂಟರ್‌ನೆಟ್ ತುಂಬಾ ‘ಯಾರಪ್ಪಾ ಇವನು ಬೋನ್ ಈವೇರ್’ ಅಂತ ಕೇಳೋರೇ.

ಅದೇ ವರ್ಷದ ಕೊನೆಗೆ ಬ್ಯಾಂಡ್ ನಿಲ್ಲಿಸ್ತೀನಿ ಅನ್ನೋ ಅರ್ಥದಲ್ಲಿ ಮಾತಾಡಿ ಸುಮ್ಮನಾದ. ಬೇರೆಯವರ ಆಲ್ಬಮ್ ಮಾಡಿಕೊಟ್ಟ, ಊರಲ್ಲೇ ಸ್ಟುಡಿಯೋ ನಡೆಸಿದ, ಗೆಳೆಯರ ಜೊತೆ ಸೇರಿ ತನ್ನೂರಿನ ಹತ್ತಿರ ಸಂಗೀತೋತ್ಸವ ಶುರುಮಾಡಿದ. ಆತಂಕ, ಪ್ಯಾನಿಕ್ ಅಟ್ಯಾಕ್ ಬಗ್ಗೆ ಆಮೇಲೆ ಅವನೇ ಹೇಳಿಕೊಂಡಿದ್ದಾನೆ. ಟೂರಿಸ್ಟುಗಳಿಲ್ಲದ ಕಾಲದಲ್ಲಿ ಒಬ್ಬನೇ ಗ್ರೀಸಿನ ದ್ವೀಪವೊಂದಕ್ಕೆ ಹೋಗಿ, ಬೇಜಾರು ತಡೆಯೋಕಾಗದೆ, ಕೈಲಿದ್ದ ಟಿಫನ್ ಬಾಕ್ಸಿನಷ್ಟು ಅಗಲದ ಪುಟ್ಟ ಸಿಂಥಸೈಸರಿಗೆ ಒಂದು ಸಣ್ಣ ಸಾಲು ಹಾಡಿ ಹಾಕಿದ. ಅದನ್ನು ಕತ್ತರಿಸಿ, ತಿರುಗಿಸಿ, ಮತ್ತೆ ಮತ್ತೆ ಬಾರಿಸಿ ಕೇಳಿದ. ‘22, ಎ ಮಿಲಿಯನ್’ ಶುರುವಾಗೋದೇ ಆ ತುಣುಕಿನಿಂದ. ಗುಡಿಸಲಿಗೆ ಹೋದಾಗ ಗಿಟಾರು ಕೈಹಿಡಿದಿತ್ತು. ಈ ಸಲ ಕೈಹಿಡಿದದ್ದು ಗುಂಡಿಗಳಿರುವ ಒಂದು ಡಬ್ಬಿ.

ಈಗ ಆ ಆಲ್ಬಮ್ಮಿನ ಮುಖ್ಯ ಯಂತ್ರದ ವಿಷಯ. ಅದಕ್ಕೆ ಮೆಸ್ಸಿನಾ ಅಂತ ಹೆಸರು. ವರ್ನನ್‌ನ ಸ್ಟುಡಿಯೋದ ಎಂಜಿನಿಯರ್ ಕ್ರಿಸ್ ಮೆಸ್ಸಿನಾ ಸಾಫ್ಟ್‌ವೇರು ಹಾರ್ಡ್‌ವೇರು ಎರಡನ್ನೂ ಹೊಂದಿಸಿ ಕಟ್ಟಿದ್ದು, ಅವನ ಹೆಸರೇ ಉಳಿದುಕೊಂಡಿತು. (ನಮ್ಮ ಕಡೆ ಎಂಜಿನಿಯರ್ ಹೆಸರನ್ನು ಯಾರು ಯಾವುದಕ್ಕೆ ಇಡ್ತಾರೆ ಹೇಳಿ, ಸರ್ ಎಂವಿ ಒಬ್ಬರನ್ನ ಬಿಟ್ಟರೆ.) ಕೆಲಸ ಮಾಡೋ ಬಗೆ ಹೀಗೆ. ನೀವು ಮೈಕಿನಲ್ಲಿ ಹಾಡ್ತೀರಿ. ಜೊತೆಗೆ ಒಂದು ಕೀಬೋರ್ಡ್ ಇರುತ್ತೆ. ಅದರಲ್ಲಿ ಎಷ್ಟು ಮನೆ ಒತ್ತುತ್ತೀರೋ ನಿಮ್ಮ ದನಿ ಆ ಕ್ಷಣದಲ್ಲೇ ಅಷ್ಟು ಪ್ರತಿಗಳಾಗಿ, ಆಯಾ ಸ್ವರದಲ್ಲಿ ಹೊರಬರುತ್ತೆ. ಒಂದು ಬಾಯಿ, ಐದು ಸ್ವರ.

ಇದರಲ್ಲೇನು ಮಹಾ, ಮೊದಲ ಆಲ್ಬಮ್ಮಿನಲ್ಲೂ ಪದರ ಇತ್ತಲ್ಲ ಅಂದ್ರೆ, ಇಲ್ಲೊಂದು ವ್ಯತ್ಯಾಸ ಇದೆ. ಅದನ್ನು ಗುರುತಿಸೋಕೆ ನನಗೆ ತಿಂಗಳುಗಟ್ಟಲೆ ಹಿಡಿಯಿತು. ಗುಡಿಸಲಿನಲ್ಲಿ ಅವನು ಪ್ರತಿ ಪದರವನ್ನೂ ಬೇರೆಬೇರೆಯಾಗಿ ಹಾಡಿದ್ದ. ಒಂದರಲ್ಲಿ ಉಸಿರು ಕೊಂಚ ಬೇಗ, ಇನ್ನೊಂದರಲ್ಲಿ ತಡ. ಒಂದು ದನಿ ನಡುಗಿದರೆ ಪಕ್ಕದ್ದು ಅದನ್ನು ಮುಚ್ಚಿಹಾಕುತ್ತೆ, ಭಜನೆಯಲ್ಲಿ ಒಬ್ಬ ಕೆಮ್ಮಿದರೆ ಗೊತ್ತಾಗದ ಹಾಗೆ. ಮೆಸ್ಸಿನಾದಲ್ಲಿ ಎಲ್ಲ ದನಿಗಳೂ ಒಂದೇ ಉಸಿರಿನವು. ಆ ಒಂದು ಗಂಟಲು ಬಿರಿದರೆ ಐದೂ ಒಟ್ಟಿಗೇ ಬಿರಿಯುತ್ತವೆ. ಮುಚ್ಚಿಹಾಕೋಕೆ ಯಾರೂ ಇಲ್ಲ. ಯಂತ್ರದ ಹಿಂದೆ ಅಡಗಿಕೊಂಡ ಅಂತ ಗೆಳೆಯ ಹೇಳಿದ್ದು ಮೊದಲ ಆಲ್ಬಮ್ಮಿಗೇ ಹೆಚ್ಚು ಒಪ್ಪುತ್ತೆ ಅಂತ ನನ್ನ ವಾದ.

ಮೂರನೇ ಹಾಡಿನಲ್ಲಿ ಈ ಯಂತ್ರ ಮತ್ತು ದನಿ ಬಿಟ್ಟು ಬೇರೇನೂ ಇಲ್ಲ. ಎರಡು ನಿಮಿಷ ಚಿಲ್ಲರೆ. ತಾಳ ಇಲ್ಲ, ಗಿಟಾರ್ ಇಲ್ಲ. ಹೆಸರು 715 ಅಂತ ಶುರುವಾಗುತ್ತೆ. 715 ಅಂದ್ರೆ ಅವನ ಊರಿನ ಫೋನಿನ ಏರಿಯಾ ಕೋಡ್. ನಮಗೆ ಹಾಸನದ 08172 ಇದ್ದ ಹಾಗೆ. ಎಸ್‌ಟಿಡಿ ಬೂತಿನಲ್ಲಿ ಆ ಐದು ಅಂಕಿ ಒತ್ತಿ, ಕೆಂಪು ಮೀಟರ್ ನೋಡ್ತಾ ಮಾತಾಡಿದವರಿಗೆ ಅದೊಂದು ಬರೀ ನಂಬರ್ ಅಲ್ಲ ಅನ್ನೋದು ಗೊತ್ತಿರುತ್ತೆ. ಹಾಡು ಸಮಾಧಾನವಾಗಿ ಶುರುವಾಗಿ, ಕೊನೆಗೆ ಹೆಚ್ಚುಕಡಿಮೆ ಕೂಗಾಗುತ್ತೆ. ತಿರುಗಿ ನೋಡು ಅಂತ ಯಾರನ್ನೋ ಕರೆಯೋ ಕೂಗು. ಒಟ್ಟಿಗೇ ಬಿರಿಯೋ ಐದು ದನಿ ಅಂದೆನಲ್ಲ, ಅಲ್ಲಿ ಕೇಳಿ.

ನಾನು ಇದನ್ನು ಮೊದಲು ಕೇಳಿದ್ದು 2016ರ ಅಕ್ಟೋಬರಿನಲ್ಲಿ. ಅದೇ ವರ್ಷ ಜನವರಿಯಲ್ಲಿ ಅಪ್ಪ ತೀರಿಕೊಂಡಿದ್ದ.

ಅಪ್ಪ ಮೂವತ್ತು ವರ್ಷ ಬೀಡಿ ಸೇದಿದವನು. 2013ರಲ್ಲಿ ಗಂಟಲು ಕಟ್ಟಿದ್ದು ಬಿಡಲೇ ಇಲ್ಲ ಅಂತ ತೋರಿಸಿದಾಗ ಕ್ಯಾನ್ಸರ್ ಅಂದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯ್ತು. ಕುತ್ತಿಗೆಯ ಬುಡದಲ್ಲಿ ಒಂದು ತೂತು, ಉಸಿರಾಟ ಅಲ್ಲಿಂದಲೇ. ಆರು ತಿಂಗಳು ಅಪ್ಪ ಸ್ಲೇಟಿನ ಮೇಲೆ ಬರೆದು ತೋರಿಸ್ತಿದ್ದ. ಆಮೇಲೆ ಎಲೆಕ್ಟ್ರೋಲ್ಯಾರಿಂಕ್ಸ್ ಅನ್ನೋ ಯಂತ್ರ ಕೊಂಡೆವು. ನೋಡೋಕೆ ಚಿಕ್ಕ ಟಾರ್ಚಿನ ಹಾಗೆ. ಊರಲ್ಲಿ ಎಲ್ಲರೂ ಕರೆಯೋದೂ ಅಪ್ಪನ ಟಾರ್ಚು ಅಂತಲೇ. ಅದರ ತುದಿಯನ್ನು ಗಂಟಲಿಗೆ ಒತ್ತಿ ಬಟನ್ ಅದುಮಿದರೆ ಅದು ಜುಯ್ ಅಂತ ನಡುಗುತ್ತೆ. ಆ ನಡುಕವನ್ನೇ ನಾಲಿಗೆ, ತುಟಿ, ದವಡೆ ಸೇರಿ ಮಾತು ಮಾಡುತ್ತವೆ. ಸದ್ದು ಯಂತ್ರದ್ದು, ಅಕ್ಷರ ಅಪ್ಪನದು. ಏರಿಳಿತ ಇಲ್ಲ, ಒಂದೇ ಸ್ವರ. ‘ಹ’ಕಾರ ಹೊರಡಲ್ಲ, ಅದಕ್ಕೆ ಗಂಟಲಿನ ಗಾಳಿ ಬೇಕು ಅಂತ ಅದನ್ನು ಕಲಿಸೋಕೆ ಬಂದವರು ಹೇಳಿದರು. ಅವ್ವ ನಕ್ಕಳು. ನಮ್ಮ ಕಡೆ ಹಾಲಿಗೆ ಆಲು, ಹಸಕ್ಕೆ ಅಸ. ಅಪ್ಪ ಹುಟ್ಟಿದಾಗಿಂದ ‘ಹ’ ಅಂದಿದ್ದೇ ಇಲ್ಲ. ಯಂತ್ರ ಕಿತ್ತುಕೊಂಡ ಒಂದೇ ಒಂದು ಅಕ್ಷರ ಅಪ್ಪನ ಹತ್ತಿರ ಮೊದಲೇ ಇರಲಿಲ್ಲ.

ನೆಂಟರು ನೋಡೋಕೆ ಬಂದವರು ಬಾಗಿಲಾಚೆ ಹೋಗಿ “ಪಾಪ, ದನೀನೇ ಒಂಟೋಯ್ತು” ಅಂತಿದ್ದರು. ನಾಯಿ ನಾಲ್ಕು ದಿನ ಹತ್ತಿರ ಬರಲಿಲ್ಲ. ಹಸು ಒಂದೇ ವಾರದಲ್ಲಿ ಒಗ್ಗಿಕೊಂಡಿತು. ಅವ್ವನಿಗೆ ಮೊದಲ ದಿನದಿಂದಲೂ ಏನೂ ವ್ಯತ್ಯಾಸ ಆದ ಹಾಗೆ ಕಾಣಲಿಲ್ಲ. ಒಂದೇ ಸ್ವರದ ಆ ಜುಯ್ ಸದ್ದಿನಲ್ಲಿ ಅವಳಿಗೆ ಸಿಟ್ಟು ಯಾವುದು, ತಮಾಷೆ ಯಾವುದು ಎಲ್ಲ ಗೊತ್ತಾಗ್ತಿತ್ತು. ಹೇಗೆ ಅಂತ ಕೇಳಿದರೆ “ಸಿಟ್ಟು ಬಂದಾಗ ಗುಂಡಿ ಬಿಡಾಕಿಲ್ಲ ಕಣ್ಲಾ” ಅಂದಳು. ನಿಜ. ಸಮಾಧಾನದಲ್ಲಿದ್ದಾಗ ಪದಕ್ಕೊಮ್ಮೆ ಬಟನ್ ಬಿಟ್ಟು ಒತ್ತುತ್ತಿದ್ದ, ಸಿಟ್ಟಿನಲ್ಲಿ ಇಡೀ ವಾಕ್ಯಕ್ಕೆ ಒಂದೇ ಒತ್ತು. ನಗು ಆ ಯಂತ್ರದಲ್ಲಿ ಬರೋದಿಲ್ಲ. ಅಪ್ಪ ಅದಕ್ಕೂ ದಾರಿ ಹುಡುಕಿಕೊಂಡ. ಬಟನ್ನನ್ನು ಪಟಪಟ ಅಂತ ಒತ್ತೋದು, ಜುಜುಜುಜು. ಇಸ್ಪೀಟ್ ಆಟದಲ್ಲಿ ಎದುರಿನವನಿಗೆ ರೇಗಿಸೋಕೆ ಅದನ್ನೇ ಬಳಸ್ತಿದ್ದ.

ಅಪ್ಪನ ಹಳೇ ದನಿಯ ರೆಕಾರ್ಡಿಂಗ್ ನಮ್ಮ ಹತ್ತಿರ ಒಂದೂ ಇಲ್ಲ. ಇರೋದು ನನ್ನ ಫೋನಿನಲ್ಲಿ ಹದಿನಾಲ್ಕು ಸೆಕೆಂಡಿನ ಒಂದು ವಾಯ್ಸ್ ಮೆಸೇಜ್, ಟಾರ್ಚಿನದು. ದೀಪಾವಳಿಗೆ ಯಾವ ಬಸ್ಸಿಗೆ ಬರ್ತೀಯ, ಬರುವಾಗ ಮೋಟಾರಿಗೆ ಕೆಪಾಸಿಟರ್ ತಗೊಂಡು ಬಾ ಅಂತ. ‘ನಿಜವಾದ ದನಿ’ ಉಳಿಸಿಕೊಳ್ಳಲಿಲ್ಲವಲ್ಲ ಅಂತ ಅಕ್ಕ ಈಗಲೂ ಕೊರಗ್ತಾಳೆ. ನನಗೆ ಆ ಹದಿನಾಲ್ಕು ಸೆಕೆಂಡಿನಲ್ಲಿ ಏನೂ ಕಮ್ಮಿ ಇದೆ ಅನಿಸಲ್ಲ. ‘ಕೆಪಾಸಿಟರ್’ ಅನ್ನೋದನ್ನ ‘ಕೆಪಾಸಿಟ್ರು’ ಅಂತ ಹೇಳೋ ಮನುಷ್ಯ ಪ್ರಪಂಚದಲ್ಲಿ ನನಗೆ ಬೇರೆ ಇಲ್ಲ.

ಗೆಳೆಯ ಕಾರಿನಲ್ಲಿ “ಅವನ ದನಿ ಎಲ್ಲಿ ಹೋಯ್ತು” ಅಂದಾಗ ನಾನು ಯಾಕೆ ಅಷ್ಟು ಬಿಸಿಯಾದೆ ಅಂತ ಈಗ ಗೊತ್ತಾಗಿರಬೇಕು. ಅವನಿಗೆ ಆವತ್ತು ಗೊತ್ತಾಗಿರಲಿಲ್ಲ, ಒಂದು ಆಲ್ಬಮ್ಮಿಗೆ ಇಷ್ಟು ಜಗಳವಾ ಅಂದುಕೊಂಡ.

ಹಾಗಂತ ಆಲ್ಬಮ್ಮಿನಲ್ಲಿ ಎಲ್ಲಾ ಚೆನ್ನಾಗಿದೆ ಅಂತ ನಾನು ಹೇಳಲ್ಲ. ಆರು, ಏಳನೇ ಹಾಡುಗಳು ಇಲ್ಲದಿದ್ದರೂ ನಡೀತಿತ್ತು. ನಾಲ್ಕನೆಯ ಹಾಡಿನ ಹೆಸರು 33, ಉದ್ದ ಸರಿಯಾಗಿ ಮೂರು ನಿಮಿಷ ಮೂವತ್ತಮೂರು ಸೆಕೆಂಡ್. ಇಂಥ ಲೆಕ್ಕಾಚಾರ ಒಂದೆರಡು ಸಲ ಚೆಂದ, ಆಮೇಲೆ ಸಂಖ್ಯಾಶಾಸ್ತ್ರದವರ ನೆನಪಾಗುತ್ತೆ. ಅವನು ಕಾಲೇಜಿನಲ್ಲಿ ಓದಿದ್ದು ಧರ್ಮಗಳ ಅಧ್ಯಯನ, ಅದರ ಪ್ರಭಾವ ಇರಬೇಕು. 22 ಅಂದರೆ ತಾನು, ಮಿಲಿಯನ್ ಅಂದರೆ ತಾನು ಎಂದೂ ಭೇಟಿಯಾಗದ ಹೊರಗಿನ ಜನ ಅನ್ನೋದು ಶೀರ್ಷಿಕೆಯ ಅರ್ಥ ಅಂತೆ. ಅವನ ಗೆಳೆಯನೊಬ್ಬ ಆಲ್ಬಮ್ ಜೊತೆಗೆ ಬರೆದ ಟಿಪ್ಪಣಿಯಲ್ಲಿ ಇದೆ. ಚಿಹ್ನೆಗಳ ವಿಷಯದಲ್ಲಿ ಸ್ವಲ್ಪ ಶೋಕಿ ಜಾಸ್ತಿಯಾಗಿದೆ ಅನ್ನೋ ಗೆಳೆಯನ ಮಾತನ್ನು ನಾನು ಒಪ್ಪಿಕೊಂಡಿದ್ದೇನೆ.

ಎರಡನೇ ಹಾಡನ್ನು ಮಾತ್ರ ಬಿಟ್ಟುಕೊಡಲ್ಲ. ಅದು ದಾಳದ ಹಾಡು. ಶುರುವಿನಲ್ಲೇ ಡ್ರಮ್ಮು ಒಡೆದು ಬರುತ್ತೆ. ಒಡೆದು ಅಂದ್ರೆ, ಸ್ಪೀಕರ್ ಹರಿದಿದೆಯೇನೋ ಅಂತ ವಾಲ್ಯೂಮ್ ಇಳಿಸುವಷ್ಟು. ವಿಮರ್ಶಕರು ಇದನ್ನು ಹೊಸ ಪ್ರಯೋಗ ಅಂತ ಬರೆದರು. ನನಗೆ ಅದು ನಮ್ಮೂರ ಹಬ್ಬ. ತೆಂಗಿನಮರಕ್ಕೆ ಕಟ್ಟಿದ ಕಹಳೆಯಾಕಾರದ ಸ್ಪೀಕರಿನಲ್ಲಿ ಬಂದ ಯಾವ ಹಾಡು ತಾನೇ ಒಡೆಯದೆ ಬಂದಿದೆ? ಊರ ಈ ತುದಿಗೊಂದು, ಆ ತುದಿಗೊಂದು ಕಟ್ಟಿರ್ತಿದ್ದರು, ನಡುವೆ ಇರೋ ನಮ್ಮ ಮನೆಗೆ ಪ್ರತಿ ಸಾಲೂ ಎರಡು ಸಲ ಕೇಳಿಸ್ತಿತ್ತು. ಟೇಪ್‌ರೆಕಾರ್ಡರಿನ ಸೆಲ್ ವೀಕಾದರೆ ರಾಜ್‌ಕುಮಾರ್ ದನಿ ಪಾತಾಳಕ್ಕೆ ಇಳೀತಿತ್ತು, ಸೆಲ್ಲನ್ನು ಬಿಸಿಲಿಗೆ ಒಣಗಿಸಿ ಹಾಕಿದರೆ ಮತ್ತೆ ಮೇಲೆ ಬರ್ತಿತ್ತು. ನಾನು ಬೆಳೆದ ಸಂಗೀತ ಇದು. ಶುದ್ಧ ದನಿ ಅನ್ನೋದನ್ನ ನಾನು ಮೊದಲು ಕೇಳಿದ್ದೇ ಬೆಂಗಳೂರಿಗೆ ಬಂದು ಒಳ್ಳೆ ಹೆಡ್‌ಫೋನ್ ಕೊಂಡ ಮೇಲೆ. ಹಳ್ಳಿ ಹುಡುಗನಿಗೆ ಗಿಟಾರಿನ ಗುಡಿಸಲ ಆಲ್ಬಮ್ ಇಷ್ಟವಾಗಬೇಕು, ಈ ಗದ್ದಲ ಅರ್ಥ ಆಗಬಾರದು ಅಂತ ಗೆಳೆಯನ ಲೆಕ್ಕ. ಉಲ್ಟಾ ಆಗಿತ್ತು. ಅಂದಹಾಗೆ ಅದೇ ಹಾಡಿನಲ್ಲಿ, ಸ್ಟೀವಿ ನಿಕ್ಸ್ ಅನ್ನೋ ಹಳೇ ಗಾಯಕಿ ಮೇಕಪ್ ಮಾಡಿಸಿಕೊಳ್ತಾ ಸುಮ್ಮನೆ ಹಾಡಿದ ಒಂದು ಯೂಟ್ಯೂಬ್ ತುಣುಕೂ ಸೇರಿಕೊಂಡಿದೆ.

ಆ ಚಳಿಗಾಲ ನನ್ನನ್ನು ಆನ್‌ಸೈಟ್ ಅಂತ ಐದು ತಿಂಗಳು ಮಿನಿಯಾಪೊಲಿಸ್‌ಗೆ ಕಳಿಸಿದರು. ನಕ್ಷೆಯಲ್ಲಿ ನೋಡಿದರೆ ವರ್ನನ್‌ನ ಊರು ಓ ಕ್ಲೇರ್ ಪೂರ್ವಕ್ಕೆ ನೂರೈವತ್ತು ಕಿಲೋಮೀಟರು, ಹೆದ್ದಾರಿಯಲ್ಲಿ ಒಂದೂವರೆ ಗಂಟೆ. ಒಂದು ಶನಿವಾರ ಹೋಗಿಬಂದೆ. ಅವನ ಸ್ಟುಡಿಯೋ ಹುಡುಕಿಕೊಂಡು ಹೋಗಲಿಲ್ಲ, ಕಂಡವರ ಮನೆ ಮುಂದೆ ಹೋಗಿ ನಿಲ್ಲೋದು ನನಗಾಗಲ್ಲ. ಊರು ನೋಡಬೇಕಿತ್ತು ಅಷ್ಟೆ. ಎರಡು ನದಿ ಸೇರೋ ಜಾಗ. ಹಿಂದೆ ಮರ ಕಡಿದು ನದಿಯಲ್ಲಿ ತೇಲಿಬಿಡ್ತಿದ್ದ ಊರು. ಆಮೇಲೆ ಟೈರ್ ಫ್ಯಾಕ್ಟರಿ ಬಂತು, 1992ರಲ್ಲಿ ಅದೂ ಮುಚ್ಚಿತು. ಆ ಫ್ಯಾಕ್ಟರಿಯ ಕೆಂಪು ಇಟ್ಟಿಗೆ ಕಟ್ಟಡಗಳು ಇನ್ನೂ ನಿಂತಿವೆ. ಗುಡಿಸಲು, ಜಿಂಕೆ, ಹಿಮ ಅಂತ ಓದಿಕೊಂಡು ಹೋದವನಿಗೆ ಮೊದಲು ಕಂಡದ್ದು ದೊಡ್ಡ ಪಾರ್ಕಿಂಗ್ ಲಾಟು.

ಅಲ್ಲಿಂದ ಉತ್ತರಕ್ಕೆ ಹದಿನೈದು ಇಪ್ಪತ್ತು ನಿಮಿಷ ಹೋದರೆ ಚಿಪ್ಪೆವಾ ಫಾಲ್ಸ್ ಅನ್ನೋ ಇನ್ನೂ ಚಿಕ್ಕ ಊರು. ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಈ ಹೆಸರು ಎಲ್ಲೋ ಕೇಳಿದ ಹಾಗಿರುತ್ತೆ. ಸೀಮೋರ್ ಕ್ರೇ ಹುಟ್ಟಿದ ಊರು, 1925ರಲ್ಲಿ. ಕಂಪನಿಯ ಮೀಟಿಂಗುಗಳ ಕಾಟ ತಡೀದೆ ಆತ ತನ್ನೂರಿನ ಕಾಡಿನ ಅಂಚಿಗೆ ಲ್ಯಾಬನ್ನೇ ಎತ್ತಿಕೊಂಡು ಬಂದ. 1964ರಲ್ಲಿ ಜಗತ್ತಿನ ಅತಿ ವೇಗದ ಕಂಪ್ಯೂಟರ್ ಹೊರಬಂದದ್ದು ಅಲ್ಲಿಂದ, 1976ರ ಕ್ರೇ-1 ಕೂಡ. ಎಂಬತ್ತರ ದಶಕದಲ್ಲಿ ನಮ್ಮ ಮುಂಗಾರಿನ ಲೆಕ್ಕ ಹಾಕೋಕೆ ದೆಹಲಿಗೆ ಬಂದ ಯಂತ್ರವೂ ಕ್ರೇ ಕಂಪನಿಯದೇ. ಬೆಂಗಳೂರಿನ ಐಐಎಸ್‌ಸಿ ಕೇಳಿದ್ದನ್ನು ಅಮೆರಿಕ ಕೊಡಲಿಲ್ಲ, ಆ ಸಿಟ್ಟಿಗೆ ಸಿ-ಡ್ಯಾಕ್ ಹುಟ್ಟಿ ‘ಪರಮ್’ ಬಂತು ಅನ್ನೋದು ನಮಗೆಲ್ಲ ಗೊತ್ತಿರೋ ಕಥೆ. ಬಿಡುವಿದ್ದಾಗ ಕ್ರೇ ತನ್ನ ಮನೆಯ ಕೆಳಗೆ ಸುರಂಗ ತೋಡ್ತಾ ಕೂರ್ತಿದ್ದನಂತೆ, ಯೋಚನೆಗೆ ಒಳ್ಳೇದು ಅಂತ.

ವಿಸ್ಕಾನ್ಸಿನ್ನಿನ ಅದೇ ಕಾಡು, ಅದೇ ಹಿಮ, ಅದೇ ಉದ್ದನೆಯ ಚಳಿಗಾಲ. ಒಬ್ಬ ಅದರಲ್ಲಿ ಕೂತು ಸೂಪರ್ ಕಂಪ್ಯೂಟರ್ ಕಟ್ಟಿದ. ಇನ್ನೊಬ್ಬ ಕೂತು ಹಾಡು ಕಟ್ಟಿದರೆ ಅದರಲ್ಲಿ ಯಂತ್ರ ಇರಕೂಡದು ಅಂತ ಯಾಕೆ ನಾವು ಹಟ ಹಿಡೀಬೇಕು? ಚಿಪ್ಪೆವಾ ಫಾಲ್ಸಿನ ಒಂದು ಕೆಫೆಯಲ್ಲಿ ಕೂತು ಗೆಳೆಯನಿಗೆ ಇದೇ ಪ್ರಶ್ನೆಯನ್ನು ಉದ್ದಕ್ಕೆ ಬರೆದು ಕಳಿಸಿದೆ. ‘ಚಳಿ ಹೇಗಿದೆ’ ಅಂತ ಉತ್ತರ ಬಂತು.

ಜನ ಬಿಟ್ಟುಹೋದರಾ ಅಂದ್ರೆ, ಇಲ್ಲ. ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇ ಬಂತು, ಹಿಂದಿನದರ ಹಾಗೇ. ವೇದಿಕೆಯ ಮೇಲೆ ಅವನು ಆಮೇಲೆ ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿಕೊಂಡು, ಯಂತ್ರಗಳ ನಡುವೆ ನಿಂತು ಹಾಡ್ತಿದ್ದ, ನೈಟ್ ಶಿಫ್ಟಿನಲ್ಲಿ ಕಾಲ್ ತಗೊಳ್ಳೋ ನಮ್ಮ ಸಪೋರ್ಟ್ ಹುಡುಗರ ಹಾಗೆ. ಗುಡಿಸಲ ಹಾಡುಗಳನ್ನೂ ಹಾಡ್ತಿದ್ದ, ಬಿಟ್ಟಿರಲಿಲ್ಲ.

ಕೇಳಬೇಕು ಅನಿಸಿದರೆ ಒಂದು ಮಾತು. ಮೊದಲಿನಿಂದ ಶುರುಮಾಡಬೇಡಿ. ಮೊದಲು ಮೂರನೆಯದು ಕೇಳಿ, ಹೆಡ್‌ಫೋನಿನಲ್ಲಿ. ಆಮೇಲೆ ನೇರವಾಗಿ ಹತ್ತನೆಯದಕ್ಕೆ ಹೋಗಿ. ಅಲ್ಲಿ ಪಿಯಾನೋ ಇದೆ, ದನಿ ಹೆಚ್ಚುಕಡಿಮೆ ಬರಿದಾಗಿದೆ. ದಣಿದು ಮನೆಗೆ ಬಂದು ಚಪ್ಪಲಿ ಬಿಡೋ ಮನುಷ್ಯನ ಹಾಗೆ ಹಾಡಿದ್ದಾನೆ. ಆಮೇಲೆ ಮಿಕ್ಕಿದ್ದನ್ನು ಯಾವ ಕ್ರಮದಲ್ಲಾದರೂ ಕೇಳಿ. ದಾಳದ ಹಾಡನ್ನು ಮಾತ್ರ ಮನೆಯಲ್ಲಿ ಯಾರೂ ಇಲ್ಲದಾಗ ಜೋರಾಗಿ ಹಾಕಿ.

ವಾಪಸ್ ಬಂದ ಮೇಲೆ ಊರಿಗೆ ಹೋಗಿದ್ದಾಗ ಮೂರನೇ ಹಾಡನ್ನು ಅವ್ವನಿಗೆ ಕೇಳಿಸಿದೆ. ಅವರೆಕಾಯಿ ಸುಲೀತಾ ಕೂತಿದ್ದಳು. ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿದೆ. ಕೈ ನಿಲ್ಲಿಸದೇ ಪೂರ್ತಿ ಕೇಳಿದಳು.

“ಪಾಪ, ಗಂಟ್ಲು ಆಪರೇಶನ್ ಆಗೈತಾ ಅವುನ್ಗೆ?” ಅಂದಳು.

ಇಲ್ಲ ಅಂದೆ.

“ಮತ್ಯಾಕಂಗೆ?”

ಕೀಬೋರ್ಡು, ಮೈಕು, ಐದು ದನಿ ಅಂತ ನನಗೆ ತಿಳಿದಷ್ಟು ವಿವರಿಸಿದೆ. ಅವ್ವ ತಲೆಯಾಡಿಸ್ತಾ ಕೇಳಿಸಿಕೊಂಡು, ಇಯರ್‌ಫೋನ್ ಕಿತ್ತು ನನ್ನ ಕೈಗಿಟ್ಟಳು. “ಯಾರ್ನೋ ಕೂಗ್ತಾವ್ನೆ ಬಿಡು,” ಅಂದು ಇನ್ನೊಂದು ಹಿಡಿ ಅವರೆಕಾಯಿ ಮೊರಕ್ಕೆ ಸುರುವಿಕೊಂಡಳು.